ಸರದಿಯೇ ನ್ಯಾಯವಲ್ಲ

ಲೈಪ್‌ಜಿಗ್ ನಗರದ ಲೋಕೋಮೋಟಿವ್ ಫುಟ್‌ಬಾಲ್ ಕ್ಲಬ್ 1987ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್ ಆಡಿತ್ತು. ಜರ್ಮನಿ ಒಂದಾದ ನಂತರದ ವರ್ಷಗಳಲ್ಲಿ ಅದು ದಿವಾಳಿಯಾಯಿತು. ಅಭಿಮಾನಿಗಳು ಅದನ್ನು ಪುನಃ ಕಟ್ಟಿ, 2004ರಲ್ಲಿ ಹನ್ನೊಂದನೇ ಸ್ತರದಿಂದ ಆಟ ಆರಂಭಿಸಿದರು. 2024-25ರಲ್ಲಿ ಆ ತಂಡ ನಾಲ್ಕನೇ ಸ್ತರವಾದ ರೀಜನಲ್‌ಲೀಗಾದ ಈಶಾನ್ಯ ವಿಭಾಗದ ಚಾಂಪಿಯನ್ ಆಯಿತು. ಆದರೆ ಬಡ್ತಿ ಸಿಗಲಿಲ್ಲ.

ಇದಕ್ಕೆ ಕಾರಣ ಒಂದು ತಪ್ಪು ಲೆಕ್ಕ. 2012ರಲ್ಲಿ ಈ ಸ್ತರವನ್ನು ಉತ್ತರ, ಈಶಾನ್ಯ, ಪಶ್ಚಿಮ, ನೈರುತ್ಯ ಮತ್ತು ಬವೇರಿಯಾ ಎಂದು ಐದಾಗಿ ವಿಂಗಡಿಸಲಾಯಿತು. 2024-25ರ ನಿಯಮದಂತೆ ಮೇಲಿನ ಲೀಗ್‌ನಲ್ಲಿ ದೊರೆಯುತ್ತಿದ್ದುದು ನಾಲ್ಕೇ ಸ್ಥಾನ. ಪಶ್ಚಿಮ ಮತ್ತು ನೈರುತ್ಯದ ಚಾಂಪಿಯನ್ನರಿಗೆ ನೇರ ಬಡ್ತಿ. ಉಳಿದ ಮೂರು ವಿಭಾಗಗಳಲ್ಲಿ ಒಂದಕ್ಕೆ ಸರದಿಯ ಪ್ರಕಾರ ನೇರ ಪ್ರವೇಶ. ಮಿಕ್ಕ ಇಬ್ಬರು ಚಾಂಪಿಯನ್ನರು ಪರಸ್ಪರ ಎರಡು ಪಂದ್ಯ ಆಡಬೇಕು. ಆ ವರ್ಷ ಸರದಿ ಬವೇರಿಯಾದ್ದು. ಉತ್ತರದ ಚಾಂಪಿಯನ್ ಹಾಫೆಲ್ಸೆ ಎದುರು ಲೋಕೋಮೋಟಿವ್ ಸೋತಿತು. ಮೂವತ್ತನಾಲ್ಕು ಪಂದ್ಯಗಳ ಗಳಿಕೆ ಎರಡೇ ಪಂದ್ಯಗಳಲ್ಲಿ ಕರಗಿತು.

ಕಾಟ್‌ಬುಸ್ ನಗರದ ಎನರ್ಗಿ ತಂಡದ ಅನುಭವ ಇನ್ನೂ ಬೋಧಪ್ರದ. 2023ರಲ್ಲಿ ಈಶಾನ್ಯದ ಚಾಂಪಿಯನ್ ಆದ ಅದು ಉಂಟರ್‌ಹಾಖಿಂಗ್ ಎದುರು ಸೋತು ಅಲ್ಲಿಯೇ ಉಳಿಯಿತು. 2024ರಲ್ಲಿ ಪುನಃ ಚಾಂಪಿಯನ್ ಆಗಿ ನೇರವಾಗಿ ಮೇಲೇರಿತು. ಎರಡೂ ವರ್ಷ ಗೆದ್ದದ್ದು ಅದೇ ಪ್ರಶಸ್ತಿ. ಬದಲಾದದ್ದು ಪಂಚಾಂಗ ಮಾತ್ರ.

ನಾನು ಸರ್ಕಾರಿ ಸೇವೆಯಲ್ಲಿದ್ದಾಗ ಇಂತಹ ಸರದಿ ಪಟ್ಟಿಗಳನ್ನು ಸಿದ್ಧಪಡಿಸಿದ್ದೇನೆ, ಸಮರ್ಥಿಸಿಯೂ ಇದ್ದೇನೆ. ಯಾರೂ ದೂರುವಂತಿಲ್ಲ ಎಂಬುದೇ ಅದರ ಆಕರ್ಷಣೆ. ಆದರೆ ಸರದಿ ಅನ್ಯಾಯವನ್ನು ನಿವಾರಿಸುವುದಿಲ್ಲ, ಹಂಚುತ್ತದೆ ಅಷ್ಟೆ. ಅರ್ಹತೆಯನ್ನು ಅಳೆಯಲು ತಾನೇ ಏರ್ಪಡಿಸಿದ ಪರೀಕ್ಷೆಯ ಫಲಿತಾಂಶವನ್ನು ವ್ಯವಸ್ಥೆಯೇ ಗೌರವಿಸದಿದ್ದರೆ, ಆ ಪರೀಕ್ಷೆಗೆ ಅರ್ಥವೇನು?

ಪ್ರತಿವಾದಗಳಿಗೂ ತೂಕವಿದೆ. ಐವರಿಗೆ ಬಡ್ತಿ ನೀಡಿದರೆ ಇಪ್ಪತ್ತು ತಂಡಗಳ ಮೂರನೇ ಲೀಗ್‌ನಿಂದ ಐದು ತಂಡಗಳು, ಅಂದರೆ ಕಾಲು ಭಾಗ, ಪ್ರತಿವರ್ಷ ಕೆಳಗಿಳಿಯಬೇಕಾಗುತ್ತದೆ. ವಿಭಾಗಗಳನ್ನು ನಾಲ್ಕಕ್ಕೆ ಇಳಿಸಿದರೆ ಸಣ್ಣ ಕ್ಲಬ್‌ಗಳ ಪ್ರಯಾಣ ವೆಚ್ಚ ಹೆಚ್ಚೀತು. ಪ್ರಾದೇಶಿಕ ಸಂಘಗಳು ತಮ್ಮ ಗಡಿಯನ್ನು ಸುಲಭವಾಗಿ ಬಿಟ್ಟುಕೊಡಲಾರವು.

ಆದರೂ ನನ್ನ ಮತ ನಾಲ್ಕು ವಿಭಾಗಗಳ ಪರ. ಗಡಿಗಳನ್ನು ಎಳೆದದ್ದು ಆಡಳಿತಗಾರರು; ಅವುಗಳ ಬೆಲೆಯನ್ನು ಗೆದ್ದ ಆಟಗಾರರು ತೆರುವುದು ಸರಿಯಲ್ಲ. ಹೆಚ್ಚುವರಿ ಪ್ರಯಾಣದ ವೆಚ್ಚವನ್ನು ಹಂಚಿಕೊಳ್ಳಬಹುದು. ಕಳೆದುಹೋದ ಬಡ್ತಿಯನ್ನು ಯಾರೂ ತುಂಬಿಕೊಡಲಾರರು.