ಗೋಕರ್ಣದ ಮಳಲೂ ನಮ್ಮ ಬಾಯಾರಿಕೆಯೂ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗಳಲ್ಲಿ ಈಚೆಗೆ ಒಂದು ವಾಕ್ಯವು ಮಂತ್ರದಂತೆ ಜಪಿಸಲ್ಪಡುತ್ತಿದೆ. 'ಬೇಡ್ತಿಯ ನೀರು ಸಮುದ್ರಕ್ಕೆ ಹರಿದು ವ್ಯರ್ಥವಾಗುತ್ತಿದೆ. ಅದನ್ನು ವರದೆಗೆ ತಿರುಗಿಸಬೇಕು' ಎಂಬುದೇ ಆ ವಾಕ್ಯ. ಇದರ ಉತ್ತರಾರ್ಧವನ್ನು ಕುರಿತು ವಾದವು ನಡೆಯಲಿ, ನಡೆಯತಕ್ಕದ್ದೇ. ಪೂರ್ವಾರ್ಧವು ಮಾತ್ರ ಅಸತ್ಯವೆಂದು ವಾಚಕರಲ್ಲಿ ವಿಜ್ಞಾಪಿಸಿಕೊಳ್ಳಬೇಕಾಗಿದೆ.

ವ್ಯರ್ಥವೆಂದರೆ ಅರ್ಥವು ಅಳಿದದ್ದು, ಪ್ರಯೋಜನವಿಲ್ಲದ್ದು. ಯಾರಿಗೆ ಪ್ರಯೋಜನವಿಲ್ಲ? ಈ ಪ್ರಶ್ನೆಗೆ ಉತ್ತರ ಹೇಳದೆಯೇ ಆ ಶಬ್ದವನ್ನು ಹೇತುವನ್ನಾಗಿ ಹಿಡಿದರೆ, ನೈಯಾಯಿಕರು ಅದನ್ನು ಅಸಿದ್ಧವೆಂಬ ಹೇತ್ವಾಭಾಸದಲ್ಲಿ ಸೇರಿಸುತ್ತಾರೆ. ನಮ್ಮ ಭಾಷಣಕಾರರಿಗೆ ಹೇತುವಿನ ಗೊಡವೆಯಿಲ್ಲ. ಕರತಾಡನವು ಸಿದ್ಧಿಸಿದರೆ ಸಾಕು.

ನಮ್ಮ ಕಡೆಯ ಗೃಹಸ್ಥರಿಗೆ ಪರಿಚಿತವಾದ ಸಮುದ್ರವು ಒಂದೇ, ಅದು ಗೋಕರ್ಣದ್ದು. ಶಿರಸಿಯ ಮಾರ್ಗವಾಗಿ ದೇವಿಮನೆ ಘಟ್ಟವನ್ನಿಳಿದು, ಕೋಟಿತೀರ್ಥದಲ್ಲಿಯೂ ಕಡಲಿನಲ್ಲಿಯೂ ಮಿಂದು, ಮಹಾಬಲೇಶ್ವರನ ದರ್ಶನ ಮಾಡಿಕೊಂಡು ಮರಳುತ್ತೇವೆ. ರಘುವಂಶದ ಎಂಟನೆಯ ಸರ್ಗದಲ್ಲಿ ನಾರದನು ಆಕಾಶಮಾರ್ಗದಿಂದ ಹೊರಟದ್ದೂ ಈ ಕಡಲತಡಿಯ ಈಶ್ವರನ ಸನ್ನಿಧಿಗೇ. ಅವನ ವೀಣೆಯ ಮಾಲೆಯು ಜಾರಿ ಇಂದುಮತಿಯ ಮೇಲೆ ಬಿದ್ದ ಪ್ರಸಂಗವನ್ನು ಓದಿದವರೆಲ್ಲರೂ ಬಲ್ಲರು. ಆದರೆ ಸಮುದ್ರಸ್ನಾನಕ್ಕಿಳಿಯುವಾಗ ಕಾಲಿನ ಕೆಳಗೆ ಸರಿಯುವ ಮಳಲು ಎಲ್ಲಿಂದ ಬಂದಿತೆಂದು ನಮ್ಮಲ್ಲಿ ಕೇಳಿದವರು ವಿರಳ.

ಗೋಕರ್ಣವು ಎರಡು ಅಳಿವೆಗಳ ನಡುವೆ ಇದೆ. ತೆಂಕಣಕ್ಕೆ ಅಘನಾಶಿನಿ, ಬಡಗಣಕ್ಕೆ ಗಂಗಾವಳಿ. ಈ ಗಂಗಾವಳಿಯೆಂಬುದು ಅನ್ಯ ನದಿಯಲ್ಲ. ನಮ್ಮವರು ತಿರುಗಿಸಹೊರಟಿರುವ ಬೇಡ್ತಿಯೇ ಅದು. ಧಾರವಾಡ-ಹುಬ್ಬಳ್ಳಿಗಳ ಮಗ್ಗುಲಲ್ಲಿ ಹುಟ್ಟಿ, ಯಲ್ಲಾಪುರದ ಅಡವಿಯನ್ನು ಹೊಕ್ಕು, ಮಾಗೋಡಿನಲ್ಲಿ ಧುಮುಕಿ, ಘಟ್ಟದ ಕೆಳಗೆ ಹೆಸರನ್ನು ಬದಲಿಸಿಕೊಂಡು ಕಡಲನ್ನು ಸೇರುತ್ತದೆ. ಮಳೆಗಾಲದ ಮಹಾಪೂರವು ಘಟ್ಟದ ಕಲ್ಲನ್ನು ಅರೆದು ತಂದ ಮಳಲನ್ನು ಅಳಿವೆಯಲ್ಲಿ ಇಳುಹುತ್ತದೆ. ತೆರೆಗಳು ಅದನ್ನೆತ್ತಿ ದಡದುದ್ದಕ್ಕೂ ಹಂಚುತ್ತವೆ. ಆಷಾಢದ ಹುಚ್ಚುತೆರೆಯು ದಂಡೆಯನ್ನು ಕೊರೆದು ಮಳಲನ್ನು ನೀರೊಳಗೆ ದಿಣ್ಣೆಯಾಗಿ ಒಟ್ಟುತ್ತದೆ. ಶರದೃತುವಿನಿಂದ ಮುಂದೆ ಸೌಮ್ಯವಾದ ತೆರೆಗಳು ಅದನ್ನೇ ಸ್ವಲ್ಪಸ್ವಲ್ಪವಾಗಿ ತಿರುಗಿ ತಂದೊಪ್ಪಿಸುತ್ತವೆ. ಈ ಕೊಡು-ಕೊಳ್ಳುವಿಕೆಯಲ್ಲಿ ವರ್ಷವರ್ಷವೂ ಆಗುವ ನಷ್ಟವನ್ನು ತುಂಬುವುದು ನದಿಯ ಹೊಸ ಮಳಲು. ಉಸುಕಿಗೆ ಬೆಲೆಯುಂಟೆಂಬುದನ್ನು ನಮ್ಮ ಸೀಮೆಯವರಿಗೆ ಕಲಿಸಬೇಕಾಗಿಲ್ಲ. ತುಂಗಭದ್ರೆಯ ಒಡಲನ್ನು ಲಾರಿಗಟ್ಟಲೆ ಮಾರಿಕೊಂಡವರು ನಾವು.

ಊರಿಗೆ ಹೊಂದಿಕೊಂಡ ಆ ದಂಡೆಯಲ್ಲಿ ಈಗ ತರುಣರು ಹಲಗೆಯ ಮೇಲೆ ನಿಂತು ತೆರೆಯನ್ನೇರುವ ಆಟವನ್ನು ಕಲಿಯುತ್ತಾರೆ. ಇದಕ್ಕೆ ಸರ್ಫಿಂಗ್ ಎಂದು ಹೆಸರು. ಮುಲ್ಕಿಯ ಬಳಿಯ ಸಸಿಹಿತ್ಲುವಿನಲ್ಲಿ 2016ರಲ್ಲಿ ಇದರ ಅಖಿಲಭಾರತ ಸ್ಪರ್ಧೆಯೇ ನಡೆಯಿತು. ತೀರ್ಥಕ್ಷೇತ್ರದಲ್ಲಿ ಇದೆಂತಹ ಕೋತಿಯಾಟವೆಂದು ನಮ್ಮ ಹಿರಿಯರು ಮೂಗುಮುರಿಯುತ್ತಾರೆ. ನಾನು ಮುರಿಯೆನು. ಮುಳುಗುಹಾಕಿ ಬರುವ ನಮಗಿಂತ ಆ ಹುಡುಗರು ಕಡಲನ್ನು ಚೆನ್ನಾಗಿ ಬಲ್ಲರು. ತೆರೆಯು ತನ್ನ ಎತ್ತರಕ್ಕಿಂತ ತುಸುವೇ ಹೆಚ್ಚು ಆಳವಿರುವ ಸ್ಥಳಕ್ಕೆ ಬಂದಾಗ ಮುರಿದು ಬೀಳುತ್ತದೆ; ಆ ಆಳವನ್ನು ನಿರ್ಣಯಿಸುವುದು ಮಳಲದಿಣ್ಣೆ. ದಿಣ್ಣೆಯೆಲ್ಲಿ ಸರಿಯಿತೆಂಬುದನ್ನು ಅವರು ದಿನವೂ ನೋಡುತ್ತಾರೆ. ಎಂಡಿಬಲೆ ಎಳೆಯುವ ಮೀನುಗಾರನೂ ನೋಡುತ್ತಾನೆ. ಆಟಕ್ಕೂ ಅನ್ನಕ್ಕೂ ಸ್ನಾನಕ್ಕೂ ಆಧಾರವಾದದ್ದು ಒಂದೇ ಮಳಲು. ಅದನ್ನು ಹೊತ್ತು ತಂದದ್ದು ನಾವು ವ್ಯರ್ಥವೆನ್ನುವ ನೀರು. ಅಳಿವೆಯ ಬಳಚನ್ನು ಹೆಕ್ಕಿ ಬದುಕುವ ಹೆಂಗಸರನ್ನೂ, ಮಳೆನೀರು ಉಪ್ಪನ್ನು ತೊಳೆದಮೇಲೆ ಗಜನಿಯಲ್ಲಿ ಕಗ್ಗದ ಭತ್ತ ಬೆಳೆಯುವ ಒಕ್ಕಲನ್ನೂ ಈ ಲೆಕ್ಕಕ್ಕೆ ಹಿಡಿಯಬೇಕು.

'ತಿರುಗಿಸುವುದು ಸ್ವಲ್ಪವೇ; ಉಳಿದದ್ದೆಲ್ಲ ಹರಿಯಲಿ' ಎಂಬುದು ಪ್ರತಿಪಕ್ಷ. ನೀರನ್ನು ಪಾಲುಮಾಡಬಹುದು; ಮಳಲನ್ನು ಹಾಗೆ ಮಾಡಲಾಗದು. ಕಟ್ಟೆಯ ಹಿಂದೆ ನೀರು ನಿಂತೊಡನೆ ಮಳಲು ತಳಕ್ಕಿಳಿಯುತ್ತದೆ. ಬಾಗಿಲಿನಿಂದ ಹೊರಟದ್ದು ತಿಳಿನೀರು. ಈಜಿಪ್ತದಲ್ಲಿ 1970ರಲ್ಲಿ ಅಸ್ವಾನಿನ ಮಹಾಸೇತುವು ಪೂರ್ಣವಾದಮೇಲೆ ನೈಲನದಿಯ ಮೆಕ್ಕಲು ಅಲ್ಲಿಯೇ ನಿಂತಿತು. ಮುಖಜಭೂಮಿಯ ಅಂಚನ್ನು ಕಡಲು ತಿನ್ನತೊಡಗಿತು. ಮಳಲು ತಪ್ಪಿದ ದಡಕ್ಕೆ ಕಲ್ಲು ಸುರಿಯುವುದೊಂದೇ ಗತಿ. ಅದರ ಫಲವನ್ನು ನೋಡಬಯಸುವವರು ಉಳ್ಳಾಲಕ್ಕೆ ಹೋಗಿಬರಲಿ. ಉತ್ತರ ಕನ್ನಡದ ಶರಾವತಿ, ಕಾಳಿಗಳನ್ನು ನಾವು ಲಿಂಗನಮಕ್ಕಿಯಲ್ಲಿಯೂ ಸೂಪಾದಲ್ಲಿಯೂ ಈಗಾಗಲೇ ಕಟ್ಟಿಹಾಕಿದ್ದೇವೆ. ಹೆಗ್ಗಟ್ಟೆಯಿಲ್ಲದೆ ಕಡಲನ್ನು ಸೇರುವ ಅಲ್ಲಿಯ ದೊಡ್ಡ ನದಿಗಳೆಂದರೆ ಗೋಕರ್ಣದ ಇಕ್ಕೆಲದ ಇವೆರಡೇ.

ನಮ್ಮ ಬಾಯಾರಿಕೆಯು ಸುಳ್ಳೆಂದು ನಾನು ಹೇಳೆನು. ಸವಣೂರು-ಶಿಗ್ಗಾಂವಿಗಳ ಬೇಸಗೆಯನ್ನು ಬಲ್ಲೆ. ಆದರೆ ಬೇಡ್ತಿಯಲ್ಲಿ ನೀರು ಉಕ್ಕುವ ತಿಂಗಳಲ್ಲಿಯೇ ವರದೆಯೂ ಉಕ್ಕುತ್ತದೆ. 2019ರ ಶ್ರಾವಣದಲ್ಲಿ ವರದೆಯ ದಂಡೆಯ ಊರುಗಳು ನೀರಿನಲ್ಲಿ ನಿಂತದ್ದನ್ನು ಮರೆತಿರಾ? ಆ ನೀರನ್ನು ಹಿಡಿಯಲಾರದವರು ಗುಡ್ಡದಾಚೆಯ ನೀರನ್ನು ಯಂತ್ರದಿಂದ ಮೇಲೆತ್ತಿ ತಂದು ಎಲ್ಲಿ ಹಿಡಿಯುವರು? ಕೇಂದ್ರದ ಜಲಾಭಿವೃದ್ಧಿ ಸಂಸ್ಥೆಯ ಮೊದಲ ಆಲೋಚನೆಯಲ್ಲಿ ಈ ನೀರು ಉದ್ದಿಷ್ಟವಾಗಿದ್ದುದು ರಾಯಚೂರು ಸೀಮೆಯ ಹೊಲಗಳಿಗೆ ಎಂಬುದನ್ನು ನಮ್ಮ ಮುಂದಾಳುಗಳು ಸಭೆಯಲ್ಲಿ ಹೇಳುವುದಿಲ್ಲ. ಹಾನಗಲ್ಲಿನ ಆನೆಕೆರೆಯಿಂದ ಹಿರೇಕೆರೂರು ಸೀಮೆಯ ಮದಗ-ಮಾಸೂರಿನ ಕೆರೆಯವರೆಗೆ ಪೂರ್ವಿಕರು ನಮಗೆ ಕಟ್ಟಿಕೊಟ್ಟ ಕೆರೆಗಳೆಷ್ಟು, ಅವುಗಳಲ್ಲಿ ಹೂಳೆಷ್ಟು, ಒತ್ತುವರಿಯೆಷ್ಟು? ಹೂಳೆತ್ತುವ ಕೆಲಸಕ್ಕೆ ಮೆರವಣಿಗೆ ಹೊರಡುವುದಿಲ್ಲವೆಂದು ಕಾಣುತ್ತದೆ.

ಗೋಕರ್ಣದ ವಸತಿಗೃಹಗಳ ಯಜಮಾನರೂ ಇಲ್ಲಿ ನಗಬೇಕಾಗಿಲ್ಲ. ಕೊಳೆನೀರನ್ನು ಮಳಲಿಗೆ ಬಿಟ್ಟು, ಪ್ಲಾಸ್ಟಿಕ್ಕನ್ನು ಕುಡ್ಲೆಯಲ್ಲಿಯೂ ಓಂ ತೀರದಲ್ಲಿಯೂ ಚೆಲ್ಲಗೊಟ್ಟು, 'ನಮ್ಮ ಕಡಲನ್ನು ಕಾಪಾಡಿರಿ' ಎಂದು ಘಟ್ಟದ ಮೇಲಿನವರಿಗೆ ಉಪದೇಶಿಸುವ ಅಧಿಕಾರವು ಅವರಿಗಿಲ್ಲ. ಅವರ ದೋಷವು ನಮ್ಮ ವಾದಕ್ಕೆ ಪ್ರಮಾಣವೂ ಆಗದು.

ಮೊನ್ನೆ ಮನವಿಪತ್ರವನ್ನು ಹಿಡಿದುಕೊಂಡು ಇಬ್ಬರು ಗೃಹಸ್ಥರು ಬಂದಿದ್ದರು. 'ಸಮುದ್ರಕ್ಕೆ ವ್ಯರ್ಥವಾಗಿ' ಎಂಬ ಎರಡು ಪದಗಳನ್ನು ಹೊಡೆದುಹಾಕಿ, ತಾಲೂಕಿನ ಕೆರೆಗಳ ಹೂಳಿನ ಲೆಕ್ಕವನ್ನು ಜೊತೆಗೆ ಬರೆದು ತಂದರೆ ಸಹಿ ಮಾಡುವುದನ್ನು ಆಲೋಚಿಸುವೆನೆಂದು ಹೇಳಿ ಕಳುಹಿದೆನು. ಅವರು ಇದುವರೆಗೆ ತಿರುಗಿ ಬಂದಿಲ್ಲ.