ಜಗಳವೆಲ್ಲ ಚೀಲದ್ದು, ಮಣ್ಣಿನದಲ್ಲ

2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ರೈತರು ಸೊಸೈಟಿಗಳ ಮುಂದೆ ಸಾಲುಗಟ್ಟಿ ನಿಂತಾಗ ನಮ್ಮ ನಾಯಕರು ಮಾಡಿದ್ದೇನು? ಕೇಂದ್ರ ಕೊಡಲಿಲ್ಲ ಎಂದಿತು ರಾಜ್ಯ. ಕೊಟ್ಟಿದ್ದನ್ನು ನೀವು ನೆಟ್ಟಗೆ ಹಂಚಲಿಲ್ಲ ಎಂದಿತು ಕೇಂದ್ರ. ಕೊಪ್ಪಳದಲ್ಲಿ ರೈತರೊಬ್ಬರು ಹತಾಶೆಯಿಂದ ಮಣ್ಣನ್ನೇ ಬಾಯಿಗೆ ಹಾಕಿಕೊಂಡ ಮೇಲೂ ಮಾತು ಟನ್ನುಗಳ ಲೆಕ್ಕ ಬಿಟ್ಟು ಕದಲಲಿಲ್ಲ. ಇಷ್ಟೊಂದು ಯೂರಿಯಾ ಯಾಕೆ ಬೇಕಾಗುತ್ತಿದೆ, ಆ ಮಣ್ಣಿಗೆ ಏನಾಗಿದೆ ಎಂದು ಕೇಳುವ ಗೋಜಿಗೆ ಎರಡೂ ಕಡೆಯವರು ಹೋಗಲಿಲ್ಲ.

ಇನ್ನಷ್ಟು ಯೂರಿಯಾ ತರಿಸಿದರೆ ರೈತ ಉಳಿಯುತ್ತಾನೆ ಎನ್ನುವುದು ಮೋಸದ ಮಾತು. ಇಷ್ಟೊಂದು ಯೂರಿಯಾ ಬೇಕಾಗುವುದಕ್ಕೆ ಮೊದಲ ಕಾರಣ ಬೆಲೆ. 45 ಕೆ.ಜಿ. ಯೂರಿಯಾ ಚೀಲಕ್ಕೆ ಸುಮಾರು 266 ರೂಪಾಯಿ, 50 ಕೆ.ಜಿ. ಡಿಎಪಿಗೆ 1,350. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಜಾರಿಗೆ ತಂದಾಗ ಯೂರಿಯಾವನ್ನು ಮಾತ್ರ ಹೊರಗಿಟ್ಟರು. ಉಳಿದವುಗಳ ಬೆಲೆ ಏರಿತು, ಇದರದು ಹೆಚ್ಚುಕಡಿಮೆ ಅಲ್ಲೇ ನಿಂತಿತು. ರೈತರಿಗೆ ತಿಳಿವಳಿಕೆ ಇಲ್ಲ, ಸಿಕ್ಕಾಪಟ್ಟೆ ಸುರಿಯುತ್ತಾರೆ ಎಂದು ಭಾಷಣ ಬಿಗಿಯುವ ಅಧಿಕಾರಿಗಳು ಮೊದಲು ಈ 266 ರೂಪಾಯಿಗೆ ಉತ್ತರ ಕೊಡಲಿ. ಕೈಯಲ್ಲಿ ಕಾಸಿಲ್ಲದವನು ಅಗ್ಗದ್ದನ್ನು ಬಿಟ್ಟು ಇನ್ನೇನು ಕೊಂಡಾನು?

ಇದರ ಫಲ ಹೊಲದಲ್ಲೇ ಇದೆ. ಬದುವಿನ ಹುಲ್ಲಿನ ಬುಡದಿಂದ ಒಂದು ಒಣ ಹೆಂಟೆ ತನ್ನಿ. ವರ್ಷಗಟ್ಟಲೆ ಬರೀ ಮೆಕ್ಕೆಜೋಳ, ಬರೀ ಯೂರಿಯಾ ಕಂಡ ಸಾಲಿನಿಂದ ಇನ್ನೊಂದು ತನ್ನಿ. ನೀರು ತುಂಬಿದ ಎರಡು ಗಾಜಿನ ಲೋಟಗಳಿಗೆ ಮೆಲ್ಲಗೆ ಇಳಿಬಿಡಿ. ಸಾಮಾನ್ಯವಾಗಿ ಬದುವಿನದು ಗಟ್ಟಿಯಾಗಿ ಕೂತಿರುತ್ತದೆ, ನೀರೂ ತಿಳಿಯಾಗಿರುತ್ತದೆ. ಸಾಲಿನದು ನೋಡನೋಡುತ್ತಲೇ ಕುಸಿದು ರಾಡಿಯಾಗುತ್ತದೆ. ಬೇರು, ಶಿಲೀಂಧ್ರದ ಎಳೆ, ಸೂಕ್ಷ್ಮಜೀವಿಗಳ ಅಂಟು, ಇವು ಮಣ್ಣಿನ ಕಣಗಳನ್ನು ಹಿಡಿದಿಡುತ್ತವೆ. ಆ ಜೀವಿಗಳಿಗೆ ಸಗಣಿ, ಸೊಪ್ಪು, ಕಸಕಡ್ಡಿ ಬೇಕು. ಅದು ನಿಂತರೆ ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿಳಿಯುತ್ತದೆ, ಪ್ರಯೋಗಾಲಯದವರು ‘ಕಡಿಮೆ’ ಎಂದು ಬರೆದುಕೊಡುತ್ತಾರೆ. ಅಂಥ ನೆಲದಲ್ಲಿ ಮಳೆ ಇಂಗುವುದಿಲ್ಲ, ಮೇಲ್ಮಣ್ಣನ್ನು ಕೊಚ್ಚಿಕೊಂಡು ಹರಿದುಹೋಗುತ್ತದೆ. ಹಾಕಿದ ಸಾರಜನಕದಲ್ಲಿ ಅರ್ಧವೂ ಬೆಳೆಗೆ ದಕ್ಕುವುದಿಲ್ಲ; ಒಂದಿಷ್ಟು ಅಮೋನಿಯಾ ಆಗಿ ಗಾಳಿಗೆ, ಒಂದಿಷ್ಟು ನೈಟ್ರೇಟ್ ಆಗಿ ಬೋರ್‌ವೆಲ್ ನೀರಿಗೆ. ಪೈರು ಹಳದಿಯಾಗುತ್ತದೆ, ರೈತ ಮತ್ತೊಂದು ಚೀಲಕ್ಕೆ ಓಡುತ್ತಾನೆ.

ಇದೆಲ್ಲ ಸರ್ಕಾರಗಳಿಗೆ ಗೊತ್ತಿಲ್ಲವೇ? 2009ರಲ್ಲಿ ಶುರುವಾದ ನಮ್ಮದೇ ರಾಜ್ಯದ ಭೂಚೇತನ ಯೋಜನೆ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ಇದೆ ಎಂದು ತೋರಿಸಿತ್ತು. ಅವನ್ನು ಕೊಟ್ಟಾಗ ಇಳುವರಿಯೂ ಹೆಚ್ಚಿತ್ತು. 2015ರಲ್ಲಿ ದೇಶಕ್ಕೆಲ್ಲ ಮಣ್ಣು ಆರೋಗ್ಯ ಚೀಟಿ ಬಂತು. ಚೀಟಿಯಲ್ಲಿ ಸತು ಹಾಕಿ ಎಂದಿದ್ದರೂ ಕೈಗೆಟಕುವ ಬೆಲೆಗೆ ಸಿಗುವುದು ಯೂರಿಯಾ ಒಂದೇ. ಬೆಲೆ ಒಂದು ಹೇಳಿ ಚೀಟಿ ಇನ್ನೊಂದು ಹೇಳಿದರೆ ರೈತ ಬೆಲೆಯ ಮಾತನ್ನೇ ಕೇಳುತ್ತಾನೆ.

ಮಣ್ಣೆಂದರೆ ನಮ್ಮ ಆಡಳಿತಕ್ಕೆ ಅಗೆದು ಮಾರುವ ಸರಕು, ಅಷ್ಟೇ. ಹಿಂದೆ ಬೇಸಿಗೆಯಲ್ಲಿ ಊರವರು ಕೆರೆಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಈಗ ಅದೇ ಗೋಡು ಟಿಪ್ಪರುಗಳಲ್ಲಿ ಇಟ್ಟಿಗೆ ಗೂಡಿಗೆ, ಲೇಔಟಿಗೆ ಹೋಗುತ್ತಿದ್ದರೂ ತಡೆಯುವವರಿಲ್ಲ. ಹಸು ಸಾಕುವುದು ದುಬಾರಿಯಾಗಿ ತಿಪ್ಪೆಗಳೇ ಬರಿದಾಗಿವೆ.

2025-26ರ ಕೇಂದ್ರ ಬಜೆಟ್ಟಿನಲ್ಲಿ ರಸಗೊಬ್ಬರ ಸಬ್ಸಿಡಿಗೆ ಇಟ್ಟದ್ದು 1.67 ಲಕ್ಷ ಕೋಟಿಗೂ ಹೆಚ್ಚು. ನೈಸರ್ಗಿಕ ಕೃಷಿಯ ರಾಷ್ಟ್ರೀಯ ಅಭಿಯಾನಕ್ಕೆ ಅದರ ಇಡೀ ಅವಧಿಗೆ ಸೇರಿ ಒಟ್ಟಾರೆ 2,481 ಕೋಟಿ. ಮಣ್ಣಿನ ಬಗ್ಗೆ ದಿಲ್ಲಿಯ ಕಾಳಜಿ ಎಷ್ಟೆಂದು ತಿಳಿಯಲು ಈ ಎರಡು ಅಂಕಿ ಸಾಕು. ಸಬ್ಸಿಡಿ ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅದೇ ಹಣವನ್ನು ಎಕರೆ ಲೆಕ್ಕದಲ್ಲಿ ರೈತರ ಕೈಗೆ ಕೊಡಿ. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರದ ಬೀಜ, ಸತು ಯಾವುದು ಬೇಕೋ ಅವರೇ ಕೊಳ್ಳಲಿ.

ಮುಂದಿನ ಮುಂಗಾರಿನಲ್ಲಿ ಇಷ್ಟು ಟನ್ ಯೂರಿಯಾ ತರಿಸಿದೆವು ಎಂದು ಹೇಳಿಕೊಳ್ಳಲು ಶಾಸಕರೋ ಸಂಸದರೋ ನಿಮ್ಮೂರಿಗೆ ಬಂದೇ ಬರುತ್ತಾರೆ. ಈ ತಾಲ್ಲೂಕಿನ ಮಣ್ಣಿನಲ್ಲಿ ಸಾವಯವ ಇಂಗಾಲ ಎಷ್ಟಿದೆ, ಅದನ್ನು ಹೆಚ್ಚಿಸಲು ಏನು ಮಾಡಿದಿರಿ ಎಂದು ಕೇಳಿ. ಉತ್ತರ ಕೊಡಲಾಗದವರಿಗೆ ರೈತರ ಹೆಸರಿನಲ್ಲಿ ಮತ ಕೇಳುವ ಹಕ್ಕಿಲ್ಲ.