ಹೃದಯದ ಸ್ಕ್ಯಾನ್ ಮತ್ತು ಸುರಂಗದ ನೀರು

ಸುವರ್ಣ ಮಹೋತ್ಸವದ ಸಂಚಿಕೆಗೆ ನಿವೃತ್ತ ಮುಖ್ಯೋಪಾಧ್ಯಾಯನಾದವನು ಹಳೆಯ ನೆನಪುಗಳನ್ನು ಬರೆಯುವುದು ವಾಡಿಕೆ. ನಾನು ಹೃದಯದ ಸ್ಕ್ಯಾನಿನ ಕುರಿತು ಬರೆಯಹೊರಟಿದ್ದೇನೆ. ಶಾಲೆಯ ಮೊದಲ ತಂಡಗಳ ವಿದ್ಯಾರ್ಥಿಗಳು ಈಗ ಅರುವತ್ತರ ಆಸುಪಾಸಿನವರು. ಮಂಗಳೂರಿನ ಆಸ್ಪತ್ರೆಗಳಿಂದ ಇಂಗ್ಲಿಷ್ ವರದಿಯನ್ನು ಹಿಡಿದು, "ಮಾಷ್ಟ್ರೇ, ಇದರಲ್ಲಿ ಏನು ಬರೆದಿದೆ?" ಎಂದು ಅವರು ನನ್ನ ಜಗಲಿಗೆ ಬರುತ್ತಾರೆ. ಕನ್ನಡದಲ್ಲಿ ಕಲಿತ ನನಗೂ ನಿಘಂಟು ಬೇಕಾಗುತ್ತದೆ. ಅವರ ಕಣ್ಣಿಗೆ ಬೀಳುವುದು ಒಂದೇ ಅಂಕೆ: ಶೇಕಡಾ 60 ಅಡ್ಡಿ. ಅಂದಿನಿಂದ ನಿದ್ದೆಯಿಲ್ಲ.

ಆ ಒಂದು ಅಂಕೆಯಿಂದ ಎದೆಗುಂದಬಾರದು, ಅದು ಚಿಕ್ಕದಾದರೆ ಮೈಮರೆಯಲೂಬಾರದು ಎಂಬುದು ನನ್ನ ಅಭಿಪ್ರಾಯ. ಕೈಯ ರಕ್ತನಾಳಕ್ಕೆ ಅಯೋಡಿನ್ ಬೆರೆತ ದ್ರವವನ್ನು ಕೊಟ್ಟು, ಉಸಿರು ಹಿಡಿಸಿ ತೆಗೆಯುವ ಸಿ.ಟಿ. ಆಂಜಿಯೋಗ್ರಾಂ ರಕ್ತನಾಳದ ಗೋಡೆಯಲ್ಲಿ ಜಿಡ್ಡು ಎಲ್ಲಿ, ಎಷ್ಟು ಕಟ್ಟಿದೆಯೆಂದು ತೋರಿಸುತ್ತದೆ. ಆದರೆ ಜಿಡ್ಡು ಇರುವುದು ಬೇರೆ, ರಕ್ತ ಹರಿಯದಿರುವುದು ಬೇರೆ.

ನಮ್ಮ ಕೃಷಿಕರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದ ನೀರು ಕೊಳವೆಯಲ್ಲಿ ತೋಟಕ್ಕಿಳಿಯುತ್ತದೆ. ಕೊಳವೆಯೊಳಗೆ ಕೆಸರು ಕಂಡರೂ ಕೊನೆಯ ಅಡಿಕೆ ಮರದ ಬುಡ ನೆನೆಯುತ್ತಿದ್ದರೆ ಯಾರೂ ಅಂದೇ ಕೊಳವೆಯನ್ನು ಕತ್ತರಿಸುವುದಿಲ್ಲ. ಹೃದಯಕ್ಕೂ ಇಂಥ ಲೆಕ್ಕವಿದೆ. ಅಡ್ಡಿಯ ಆಚೆಗಿನ ಒತ್ತಡವನ್ನು ಈಚೆಗಿನ ಒತ್ತಡದಿಂದ ಭಾಗಿಸಿದಾಗ ಉತ್ತರ 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹರಿವು ಕುಂದಿದೆಯೆಂದು ಅರ್ಥ. (ಗಣಿತದ ಮಾಷ್ಟ್ರಿಗೆ ಇಷ್ಟು ಸಂತೋಷ ಸಾಕು.) ಇದನ್ನು ಅಳೆಯಲು ರಕ್ತನಾಳದೊಳಗೆ ಸೂಕ್ಷ್ಮ ತಂತಿಯನ್ನು ತೂರಿಸಬೇಕು. ಸಿ.ಟಿ. ಚಿತ್ರಗಳಿಂದಲೇ ಗಣಕಯಂತ್ರದ ಮೂಲಕ ಲೆಕ್ಕಹಾಕುವ ಒಂದು ವಿಧಾನಕ್ಕೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ದೊರೆಯಿತು. ಅದು ಎಲ್ಲ ಕಡೆ ಸಿಗುವಂಥದಲ್ಲ. ಹರಿವನ್ನು ತಿಳಿಯಲು ಬೇರೆ ಪರೀಕ್ಷೆಗಳೂ ಉಂಟು.

ಹಾಗೆಂದು ಚಿಕ್ಕ ಜಿಡ್ಡನ್ನು ಅಲಕ್ಷಿಸುವಂತಿಲ್ಲ. ಹರಿವಿಗೆ ಅಡ್ಡಿಯಾಗದ ಮೆತ್ತನೆಯ ಜಿಡ್ಡೂ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುವುದುಂಟು. ಸ್ಕಾಟ್ಲೆಂಡಿನಲ್ಲಿ ಎದೆನೋವಿನ 4146 ಮಂದಿಯ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಐದು ವರ್ಷಗಳಲ್ಲಿ ಹೃದಯಾಘಾತ ಅಥವಾ ಹೃದ್ರೋಗದ ಸಾವು, ಸಾಮಾನ್ಯ ತಪಾಸಣೆಯಷ್ಟೇ ಆದವರಲ್ಲಿ ಶೇಕಡಾ 3.9, ಜೊತೆಗೆ ಸ್ಕ್ಯಾನ್ ಕೂಡ ಆದವರಲ್ಲಿ 2.3. ಐದು ವರ್ಷಗಳ ಕೊನೆಗೆ ಸ್ಟೆಂಟ್ ಮತ್ತು ಬೈಪಾಸ್‌ಗಳ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಜಿಡ್ಡನ್ನು ಕಂಡ ವೈದ್ಯರು ಹೆಚ್ಚು ಮಂದಿಗೆ ಔಷಧಿ ಕೊಟ್ಟರು. ಗುಣ ಬಂದದ್ದು ಅದರಿಂದ ಎಂದು ತಿಳಿದವರ ಅಭಿಪ್ರಾಯ. ಸ್ಟೆಂಟ್ ಹಾಕಿಸಿದವರನ್ನು ಗೌರವದಿಂದಲೂ ಮಾತ್ರೆ ನುಂಗುವವರನ್ನು ಉದಾಸೀನದಿಂದಲೂ ಕಾಣುವ ನಮ್ಮೂರ ರೂಢಿ ಬದಲಾಗಬೇಕು.

ಒಂದು ಎಚ್ಚರಿಕೆ. ಎದೆ ಹಿಂಡಿದಂತಾಗಿ ಬೆವರು ಕಿತ್ತುಬಂದರೆ ಸ್ಕ್ಯಾನಿನ ಯೋಚನೆ ಬೇಡ. ಕೂಡಲೇ ಹತ್ತಿರದ ಆಸ್ಪತ್ರೆಯಲ್ಲಿ ಇ.ಸಿ.ಜಿ. ಆಗಬೇಕು. ಮಂಗಳೂರನ್ನೇ ನೆಚ್ಚಿದ ನಮಗೆ 2020ರಲ್ಲಿ ಗಡಿ ಮುಚ್ಚಿದಾಗ ದೂರವೆಂದರೇನೆಂದು ತಿಳಿಯಿತು. 2013ರಲ್ಲಿ ಶಿಲಾನ್ಯಾಸವಾದ ಸರಕಾರಿ ವೈದ್ಯಕೀಯ ಕಾಲೇಜು ನಮ್ಮ ಮಗ್ಗುಲಿನ ಉಕ್ಕಿನಡ್ಕದಲ್ಲೇ ಇದೆ. ಅಲ್ಲಿ ಹೃದಯ ಚಿಕಿತ್ಸೆಗೆ ಬೇಕಾದುದೆಲ್ಲ ಒದಗಲೆಂದು ಒತ್ತಾಯಿಸುವುದು ಹಳೆವಿದ್ಯಾರ್ಥಿ ಸಂಘದ ಕೆಲಸವೂ ಹೌದು.

ನಮ್ಮ ಶಾಲೆಯಲ್ಲಿ ಕಲಿತು ವೈದ್ಯರಾದವರಲ್ಲಿ ನನ್ನದೊಂದು ಬೇಡಿಕೆ. ರೋಗಿಯ ಕೈಗೆ ವರದಿ ಕೊಡುವಾಗ ಅದರ ಕೆಳಗೆ ಎರಡು ಸಾಲು ಕನ್ನಡದಲ್ಲಿ ಬರೆದುಕೊಡಿ: ಜಿಡ್ಡು ಎಲ್ಲಿದೆ, ರಕ್ತದ ಹರಿವು ಸಾಕಷ್ಟಿದೆಯೇ. ಅಕ್ಷರ ದುಂಡಗಿಲ್ಲವೆಂದು ನಾನು ಈ ಸಲ ಅಂಕ ಕಳೆಯುವುದಿಲ್ಲ.